ಕಚೇರಿ ಕೆಲಸದ ನಡುವೆ ಆಮ್‌ಸ್ಟರ್‌ಡ್ಯಾಮ್ ನೋಡುವುದು: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಕಚೇರಿ ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವವರ ದಿನ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಸಭೆಗಳಿಗೇ ಮೀಸಲಾಗಿರುತ್ತದೆ. ಊರು ನೋಡಲು ಉಳಿಯುವುದು ಬೆಳಗಿನ ಎರಡು ಗಂಟೆ, ಸಂಜೆಯ ಮೂರು ನಾಲ್ಕು ಗಂಟೆ, ಅನುಕೂಲವಾದರೆ ಒಂದು ಶನಿವಾರ. ಇಷ್ಟು ಸಮಯ ಸಾಲದು ಎಂದು ಹೋಟೆಲ್ ಕೋಣೆಯಲ್ಲೇ ಉಳಿದುಬಿಡುವವರು ಬಹಳ. ಆದರೆ ಪ್ರವಾಸಿ ತಾಣಗಳ ಪಟ್ಟಿಯ ಬದಲು ಅವುಗಳ ಬಾಗಿಲು ಮುಚ್ಚುವ ಸಮಯವನ್ನು ಮುಂದಿಟ್ಟುಕೊಂಡು ಯೋಜನೆ ಹಾಕಿದರೆ ಈ ಸಮಯ ಸಾಕಾಗುತ್ತದೆ. ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸಂಜೆ ಐದಕ್ಕೆ ಮುಚ್ಚುತ್ತವೆ; ಕಾಲುವೆಗಳಿಗೆ ಬಾಗಿಲೇ ಇಲ್ಲ. ಆದ್ದರಿಂದ ಮುಂಜಾನೆ ಮತ್ತು ಸಂಜೆಗಳನ್ನು ಕಾಲುವೆಗಳಿಗೆ ಕೊಟ್ಟು, ಸಿಗುವ ಒಂದೇ ಒಂದು ಬಿಡುವಿನ ಹಗಲನ್ನು ಮ್ಯೂಸಿಯಂಗೆ ಕಾಯ್ದಿರಿಸಬೇಕು. ಈ ಲೇಖನದ ಸಲಹೆಗಳೆಲ್ಲ ಈ ಒಂದು ಹಂಚಿಕೆಯ ಮೇಲೆ ನಿಂತಿವೆ.

ಹೊರಡುವ ಮುನ್ನ: ವೀಸಾ, ಟಿಕೆಟ್, ಬ್ಯಾಂಕ್ ಕಾರ್ಡ್

ನೆದರ್‌ಲ್ಯಾಂಡ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಅಲ್ಪಾವಧಿ ವೀಸಾದ ನಿಯಮದಂತೆ 180 ದಿನಗಳಲ್ಲಿ ಗರಿಷ್ಠ 90 ದಿನ ತಂಗಬಹುದಾದರೂ, ನಿಮ್ಮ ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಚೀಟಿಯಲ್ಲಿ ಬರೆದಿರುವ ದಿನಗಳ ಸಂಖ್ಯೆಯೇ ಅಂತಿಮ. ಕೆಲಸ ಸೋಮವಾರದಿಂದ ಶುಕ್ರವಾರದವರೆಗೆ ಎಂದಷ್ಟೇ ಅರ್ಜಿಯಲ್ಲಿ ನಮೂದಿಸಿದರೆ ಶನಿವಾರ, ಭಾನುವಾರ ಉಳಿಯುವ ಅವಕಾಶ ಕೈತಪ್ಪಬಹುದು. ಹಾಗಾಗಿ ವಾರಾಂತ್ಯದಲ್ಲಿ ಉಳಿಯುವ ಉದ್ದೇಶವಿದ್ದರೆ ಅದನ್ನು ಪ್ರಯಾಣ ವಿವರದಲ್ಲಿ ಮೊದಲೇ ಸೇರಿಸಿ, ಆ ರಾತ್ರಿಗಳ ಹೋಟೆಲ್ ಖರ್ಚು ನಿಮ್ಮದೋ ಕಂಪನಿಯದೋ ಎಂಬುದನ್ನು ಇಮೇಲ್‌ನಲ್ಲಿ ಸ್ಪಷ್ಟಪಡಿಸಿಕೊಳ್ಳಿ. ವೀಸಾಕ್ಕೆ ಬೇಕಾದ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಆ ದಿನಗಳನ್ನು ಒಳಗೊಂಡಿರಬೇಕು. ಕೋಣೆಯ ಬಾಡಿಗೆಯ ಮೇಲೆ ನಗರಾಡಳಿತ 2024ರಿಂದ ಶೇ. 12.5ರಷ್ಟು ಪ್ರವಾಸಿ ತೆರಿಗೆ ವಿಧಿಸುತ್ತಿದೆ. ಕೋಣೆ ಕಾಯ್ದಿರಿಸುವಾಗ ಕಾಣುವ ದರದಲ್ಲಿ ಇದು ಸೇರಿದೆಯೇ ಎಂದು ನೋಡದಿದ್ದರೆ ಖರ್ಚಿನ ಲೆಕ್ಕ ಒಪ್ಪಿಸುವಾಗ ತೊಡಕಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ನಾಜಿಗಳಿಂದ ಅಡಗಿ ದಿನಚರಿ ಬರೆದ ಯಹೂದಿ ಬಾಲಕಿ ಆನ್ ಫ್ರಾಂಕ್ ಮನೆಗೆ ಭೇಟಿ ಕೊಡುವುದಿದ್ದರೆ ಆ ಟಿಕೆಟ್ಟಿನ ವಿಷಯವನ್ನು ಎಲ್ಲಕ್ಕಿಂತ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಅಲ್ಲಿನ ಟಿಕೆಟ್ ಸ್ಥಳದಲ್ಲಿ ಸಿಗುವುದಿಲ್ಲ. ಪ್ರತಿ ಮಂಗಳವಾರ, ಆರು ವಾರಗಳ ನಂತರದ ವಾರದ ಟಿಕೆಟ್‌ಗಳನ್ನು ಅದರ ಅಧಿಕೃತ ಜಾಲತಾಣದಲ್ಲಿ ಬಿಡುಗಡೆ ಮಾಡುತ್ತಾರೆ. ಬಿಡುಗಡೆಯ ಹೊತ್ತು ಅಲ್ಲಿನ ಬೆಳಿಗ್ಗೆ ಹತ್ತು ಗಂಟೆ, ಅಂದರೆ ಭಾರತದಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ಒಂದೂವರೆ, ಚಳಿಗಾಲವಾದರೆ ಎರಡೂವರೆ. ಜನಪ್ರಿಯ ಹೊತ್ತುಗಳು ಬೇಗ ಮುಗಿದುಹೋಗುತ್ತವೆ. ಈ ಮನೆ ಬಹುತೇಕ ದಿನಗಳಲ್ಲಿ ರಾತ್ರಿ ಹತ್ತರವರೆಗೆ ತೆರೆದಿರುವುದರಿಂದ ಕೆಲಸ ಮುಗಿಸಿ ಬರುವವರಿಗೆ ಸಂಜೆ ಏಳರ ನಂತರದ ಹೊತ್ತೇ ಸೂಕ್ತ. ವ್ಯಾನ್ ಗೋ ಮ್ಯೂಸಿಯಂಗೂ ಗೊತ್ತುಪಡಿಸಿದ ಹೊತ್ತಿನ ಟಿಕೆಟ್ ಕಡ್ಡಾಯವಾಗಿದ್ದು, ಅದು ಶುಕ್ರವಾರಗಳಲ್ಲಿ ಸಾಮಾನ್ಯವಾಗಿ ರಾತ್ರಿಯವರೆಗೆ ತೆರೆದಿರುತ್ತದೆ. ನೀವು ಹೋಗುವ ವಾರದ ವೇಳೆಯನ್ನು ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಹಲವು ಮ್ಯೂಸಿಯಂಗಳನ್ನು ಒಟ್ಟುಗೂಡಿಸುವ ನಗರ ಪಾಸ್ ಕೆಲಸದ ಮೇಲೆ ಬಂದವರಿಗೆ ಲಾಭದಾಯಕವಲ್ಲ. ಗಂಟೆಗಳ ಲೆಕ್ಕದಲ್ಲಿ ಸಾಗುವ ಆ ಪಾಸ್‌ನ ಬಹುಪಾಲು ಅವಧಿ ನೀವು ಕಚೇರಿಯಲ್ಲಿರುವಾಗಲೇ ಕಳೆದುಹೋಗುತ್ತದೆ, ಅಲ್ಲದೆ ಆನ್ ಫ್ರಾಂಕ್ ಮನೆ ಮತ್ತು ವ್ಯಾನ್ ಗೋ ಮ್ಯೂಸಿಯಂ ಅದರಲ್ಲಿ ಸೇರಿಲ್ಲ.

ಇನ್ನುಳಿದದ್ದು ಬ್ಯಾಂಕ್ ಕಾರ್ಡ್. ಭಾರತದಲ್ಲಿ ಕೊಡುವ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಹಾಗೂ ಕಾಂಟ್ಯಾಕ್ಟ್‌ಲೆಸ್ ಪಾವತಿಯನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬಳಗದ ಎರಡು ಕಾರ್ಡ್‌ಗಳಿಗೆ ಬ್ಯಾಂಕ್ ಆ್ಯಪ್‌ನಲ್ಲಿ ಇದನ್ನು ಊರಲ್ಲಿರುವಾಗಲೇ ಮಾಡಿಕೊಂಡು ಹೊರಡಿ. ನಗದನ್ನೇ ತೆಗೆದುಕೊಳ್ಳದ ಅಂಗಡಿ, ಕೆಫೆಗಳು ಅಲ್ಲಿ ಸಾಕಷ್ಟಿವೆ.

ಉಳಿಯುವ ಜಾಗ

ಕಚೇರಿಗಳು ಹೆಚ್ಚಾಗಿರುವುದು ನಗರದ ದಕ್ಷಿಣಕ್ಕಿರುವ ಜೌಡಾಸ್ ಪ್ರದೇಶದಲ್ಲಿ. ಸಮ್ಮೇಳನಗಳು ನಡೆಯುವ ರೈ ಸಭಾಭವನವೂ ಅಲ್ಲೇ ಸಮೀಪ. 2018ರಲ್ಲಿ ಆರಂಭವಾದ 52ನೆಯ ಮೆಟ್ರೋ ಮಾರ್ಗ ಜೌಡ್ ನಿಲ್ದಾಣದಿಂದ ಯುರೋಪಾಪ್ಲೈನ್, ಡ ಪೈಪ್, ಫೈಜೆಲ್‌ಗ್ರಾಖ್ಟ್, ರೋಕಿನ್ ದಾಟಿ ಸೆಂಟ್ರಾಲ್ ನಿಲ್ದಾಣಕ್ಕೆ ಸುಮಾರು ಹತ್ತು ನಿಮಿಷದಲ್ಲಿ ತಲುಪಿಸುತ್ತದೆ. ಹೋಟೆಲ್ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಡ ಪೈಪ್ ಅಥವಾ ಫೈಜೆಲ್‌ಗ್ರಾಖ್ಟ್ ನಿಲ್ದಾಣದ ಆಸುಪಾಸನ್ನೇ ಆರಿಸಿ: ಅಲ್ಲಿಂದ ಕಚೇರಿ ಕೆಲವೇ ನಿಮಿಷಗಳ ಮೆಟ್ರೋ ಪ್ರಯಾಣ, ಕಾಲುವೆಗಳು ನಡಿಗೆಯ ದೂರ. ಕಂಪನಿಯೇ ಜೌಡಾಸ್‌ನಲ್ಲಿ ಕೋಣೆ ಕೊಟ್ಟರೂ ಈ ಮೆಟ್ರೋ ಇರುವವರೆಗೆ ಚಿಂತೆಯಿಲ್ಲ. ಹಳೆಯ ಕಾಲುವೆ ಮನೆಗಳನ್ನು ಹೋಟೆಲ್ ಮಾಡಿರುವ ಕಡೆ ಮೆಟ್ಟಿಲುಗಳು ಏಣಿಯಷ್ಟು ಕಡಿದಾಗಿರುತ್ತವೆ. ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಬಂದಿಳಿದ ದಿನ

2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ಇಳಿದ ಕೂಡಲೇ ಸಭೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಸ್ಕಿಪೋಲ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣವಿದ್ದು, ಸೆಂಟ್ರಾಲ್‌ಗೆ ಕಾಲು ಗಂಟೆ, ಜೌಡ್‌ಗೆ ಅದಕ್ಕಿಂತಲೂ ಕಡಿಮೆ ಹೊತ್ತು ಸಾಕು. ಪ್ರತ್ಯೇಕ ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ರೈಲು, ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಬ್ಯಾಂಕ್ ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಯಂತ್ರಕ್ಕೆ ತೋರಿಸಿದರೆ ದರ ತಾನಾಗಿ ಕಡಿತವಾಗುತ್ತದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಕಾರ್ಡ್ ತೋರಿಸಿ ಹತ್ತಿ, ಅದೇ ಖಾತೆಯ ಫೋನ್ ತೋರಿಸಿ ಇಳಿದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ, ಆಗ ಪೂರ್ಣಗೊಳ್ಳದ ಪ್ರಯಾಣವೆಂದು ಹೆಚ್ಚು ಹಣ ಕಡಿತವಾಗುತ್ತದೆ. ಹಾಗೆಯೇ ಒಂದೇ ಕಾರ್ಡ್‌ನಲ್ಲಿ ಇಬ್ಬರು ಪ್ರಯಾಣಿಸುವಂತಿಲ್ಲ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಹಾಗಾಗಿ ಮೊದಲ ಎರಡು ಮೂರು ದಿನ ಸಂಜೆಯೇ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಇದರೊಂದಿಗೆ ಹೋರಾಡಬೇಡಿ. ಮೊದಲ ದಿನಗಳ ಮುಂಜಾನೆಗಳನ್ನು ಕಾಲುವೆಗಳಿಗೆ ಕೊಟ್ಟು, ರಾತ್ರಿಯ ಕಾರ್ಯಕ್ರಮಗಳನ್ನು ವಾರದ ಕೊನೆಗೆ ಇಟ್ಟುಕೊಳ್ಳಿ.

ಮುಂಜಾನೆಯ ನಡಿಗೆ

ಈ ಊರಿನ ಸೊಬಗನ್ನು ಅರಿಯಲು ಮುಂಜಾನೆಗಿಂತ ಒಳ್ಳೆಯ ಹೊತ್ತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೋಣಿಗಳು ಇನ್ನೂ ಹೊರಟಿರುವುದಿಲ್ಲವಾದ್ದರಿಂದ ನೀರು ಕದಲುವುದಿಲ್ಲ, ಮನೆಗಳ ಮುಖಗಳು ಅದರಲ್ಲಿ ತಲೆಕೆಳಗಾಗಿ ನಿಚ್ಚಳವಾಗಿ ಕಾಣುತ್ತವೆ, ಸೇತುವೆಯ ಮೇಲೆ ನಿಂತು ನೋಡುವವನಿಗೆ ಯಾರೂ ಅಡ್ಡ ಬರುವುದಿಲ್ಲ. ಜೂನ್‌ನಲ್ಲಿ ಐದೂಕಾಲರ ಸುಮಾರಿಗೇ ಸೂರ್ಯೋದಯವಾಗುತ್ತದೆ. ಡಿಸೆಂಬರ್‌ನಲ್ಲಿ ಎಂಟೂಮುಕ್ಕಾಲರವರೆಗೂ ಕತ್ತಲೆಯೇ ಇರುವುದರಿಂದ ಆಗ ಈ ನಡಿಗೆಯನ್ನು ಶನಿವಾರಕ್ಕೆ ಮುಂದೂಡಬೇಕು.

ಸೆಂಟ್ರಾಲ್ ನಿಲ್ದಾಣದಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಬ್ರೌವರ್ಸ್‌ಗ್ರಾಖ್ಟ್ ಎಂಬ ಕಾಲುವೆ ಸಿಗುತ್ತದೆ. ಒಂದು ಕಾಲದಲ್ಲಿ ಬಿಯರ್ ತಯಾರಿಸುವವರಿದ್ದ ಈ ದಂಡೆಯ ಉಗ್ರಾಣಗಳಿಗೆ ಇಂದಿಗೂ ಮರದ ಅಗಲವಾದ ಕಿಟಕಿ ಬಾಗಿಲುಗಳಿವೆ. ಇಲ್ಲಿಂದ ಮೂರು ಮುಖ್ಯ ಕಾಲುವೆಗಳು ಒಂದರ ಪಕ್ಕ ಒಂದರಂತೆ ಕವಲೊಡೆದು ಹಳೆಯ ಊರನ್ನು ಬಳಸಿ ಸಾಗುತ್ತವೆ: ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ವ್ಯಾಪಾರದ ಹಣ ಹರಿದುಬಂದು ಊರು ಉಕ್ಕಿ ಬೆಳೆಯುತ್ತಿದ್ದಾಗ, 1613ರಲ್ಲಿ ಇವುಗಳನ್ನು ಯೋಜನೆಯಂತೆ ತೋಡಲಾರಂಭಿಸಿದರು. 2010ರಲ್ಲಿ ಈ ಇಡೀ ಕಾಲುವೆ ವಲಯ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮೊದಲ ದಿನ ಪ್ರಿನ್ಸೆನ್‌ಗ್ರಾಖ್ಟ್ ಗುಂಟ ದಕ್ಷಿಣಕ್ಕೆ ನಡೆಯಿರಿ. ಎಡದಂಡೆ ಬಲದಂಡೆ ಎಂಬ ಲೆಕ್ಕ ಬೇಡ, ಸೇತುವೆ ಬಂದಲ್ಲೆಲ್ಲ ದಾಟಿ ಎದುರು ದಡದಿಂದ ಮನೆಗಳನ್ನು ನೋಡಿ. ಪ್ರತಿ ಮನೆಯ ನೆತ್ತಿಯಲ್ಲಿ ಒಂದು ತೊಲೆ ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲೊಂದು ಕಬ್ಬಿಣದ ಕೊಕ್ಕೆ. ಮನೆಗಳು ಅಗಲದಲ್ಲಿ ಕಿರಿದು, ಒಳಗೆ ಆಳ. ಮೆಟ್ಟಿಲುಗಳು ಒಬ್ಬರು ಹತ್ತುವಷ್ಟೇ ಇಕ್ಕಟ್ಟು. ಆದ್ದರಿಂದ ಅಟ್ಟದ ಉಗ್ರಾಣಕ್ಕೆ ಸರಕನ್ನು ಹೊರಗಿನಿಂದಲೇ ಹಗ್ಗ ಮತ್ತು ರಾಟೆಯಿಂದ ಎಳೆದುಕೊಳ್ಳುತ್ತಿದ್ದರು. ಇಂದಿಗೂ ಮನೆ ಬದಲಿಸುವವರ ಸೋಫಾ, ಬೀರುಗಳು ಕಿಟಕಿಯ ಮೂಲಕವೇ ಒಳಗೆ ಹೋಗುವುದುಂಟು. ಗಮನವಿಟ್ಟು ನೋಡಿದರೆ ಎಷ್ಟೋ ಮನೆಗಳ ಮುಂಗೋಡೆ ಬೀದಿಯತ್ತ ತುಸು ಬಾಗಿರುವುದು ಕಾಣುತ್ತದೆ. ಮೇಲೇರುವ ಸರಕು ಗೋಡೆಗೆ ಉಜ್ಜದಿರಲೆಂದೂ ಹೀಗೆ ಕಟ್ಟುತ್ತಿದ್ದರು. ಪಕ್ಕಕ್ಕೆ ವಾಲಿರುವ ಮನೆಗಳ ಕಥೆ ಬೇರೆ: ಜೌಗು ನೆಲದಲ್ಲಿ ಮರದ ಕಂಬಗಳನ್ನು ಹೂತು ಅವುಗಳ ಮೇಲೆ ಕಟ್ಟಿದ ಊರು ಇದು, ಕಂಬ ಕುಸಿದಲ್ಲಿ ಮನೆ ವಾಲುತ್ತದೆ. ಡ್ಯಾಮ್ ಚೌಕದ ಅರಮನೆಯನ್ನು 17ನೆಯ ಶತಮಾನದಲ್ಲಿ ಪುರಭವನವಾಗಿ ಕಟ್ಟಿದಾಗ ಅದರ ಅಡಿಗೆ 13,659 ಕಂಬಗಳನ್ನು ಇಳಿಸಿದರೆಂಬ ಲೆಕ್ಕವನ್ನು ಅಲ್ಲಿನ ಶಾಲಾ ಮಕ್ಕಳೂ ಬಲ್ಲರು.

ನೆತ್ತಿಯ ಆಕಾರಗಳನ್ನೂ ಗುರುತಿಸಲು ಕಲಿಯಿರಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ನೆತ್ತಿ ಹಳೆಯದು. ನೀಳ ಕತ್ತಿನಂತೆ ಎದ್ದು ಇಬ್ಬದಿಗೆ ಕಲ್ಲಿನ ಕೆತ್ತನೆಯಿರುವುದು ಅನಂತರದ್ದು. ಗಂಟೆಯ ಆಕಾರದ್ದು ಇನ್ನೂ ಈಚಿನದು. ಇಷ್ಟು ತಿಳಿದರೆ ಯಾವ ಮಾರ್ಗದರ್ಶಕರೂ ಇಲ್ಲದೆ ಒಂದು ಬೀದಿಯ ವಯಸ್ಸನ್ನು ನೀವೇ ಅಂದಾಜು ಮಾಡಬಹುದು. ದಾರಿಯಲ್ಲಿ 85 ಮೀಟರ್ ಎತ್ತರದ ಗೋಪುರದ ವೆಸ್ಟರ್‌ಕೆರ್ಕ್ ಚರ್ಚು ಬರುತ್ತದೆ. 1669ರಲ್ಲಿ ತೀರಿಕೊಂಡ ಚಿತ್ರಕಾರ ರೆಂಬ್ರಾಂಟ್ ಇದರೊಳಗೆ ಗುರುತಿಲ್ಲದ ಸಮಾಧಿಯಲ್ಲಿ ಮಲಗಿದ್ದಾನೆ.

ಇನ್ನೊಂದು ಮುಂಜಾನೆ ಹೇರೆನ್‌ಗ್ರಾಖ್ಟ್ ಹಿಡಿದು ಲೈಡ್ಸೆಸ್ಟ್ರಾಟ್ ಮತ್ತು ಫೈಜೆಲ್‌ಸ್ಟ್ರಾಟ್ ಬೀದಿಗಳ ನಡುವಿನ ತಿರುವಿಗೆ ಬನ್ನಿ. ಅತಿ ಶ್ರೀಮಂತರು ಎರಡೆರಡು ನಿವೇಶನ ಕೊಂಡು ಅಗಲವಾದ ಮನೆ ಕಟ್ಟಿಸಿದ ಜಾಗವಿದು. ಅಲ್ಲಿಂದ ಮೆಟ್ರೋ ಹತ್ತಿರವೇ ಇದೆ, ಒಂಬತ್ತರ ಸಭೆಗೆ ತಡವಾಗುವುದಿಲ್ಲ.

ಸಂಜೆಗಳು

ಡಚ್ಚರು ಕೆಲಸ ನಿಲ್ಲಿಸುವ ಹೊತ್ತನ್ನು ಗೌರವಿಸುತ್ತಾರೆ, ಐದೂವರೆಗೆ ಎದ್ದು ಹೊರಟರೆ ಯಾರೂ ಹುಬ್ಬೇರಿಸುವುದಿಲ್ಲ. ಅಪರೂಪಕ್ಕೆ ಬೆಂಗಳೂರಿನ ಜತೆ ತುರ್ತು ಕರೆ ಇದ್ದರೂ ಅದು ನಮ್ಮ ರಾತ್ರಿಗೆ ಬಹಳ ಮುಂಚೆಯೇ ಮುಗಿಯಬೇಕಾಗುವುದರಿಂದ ಸಂಜೆ ನಿಮ್ಮದಾಗಿಯೇ ಇರುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ; ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲಾದರೂ ಸೇತುವೆಗಳ ಕಮಾನುಗಳಿಗೆ ಕಟ್ಟಿದ ದೀಪಸಾಲು ನೀರಿನಲ್ಲಿ ಪೂರ್ಣವೃತ್ತವಾಗಿ ತೋರುವ ನೋಟ ಆಗ ಸಿಗುತ್ತದೆ. ನವೆಂಬರ್ ಕೊನೆಯಿಂದ ಜನವರಿಯವರೆಗೆ ಕಾಲುವೆಗಳ ಮೇಲೆ ಬೆಳಕಿನ ಕಲಾಕೃತಿಗಳ ಉತ್ಸವವೂ ನಡೆಯುತ್ತದೆ.

ದೋಣಿ ವಿಹಾರವನ್ನು ಸಂಜೆಗೆ ಇಟ್ಟುಕೊಳ್ಳಿ, ಅದೂ ಒಂದೆರಡು ಬಾರಿ ನಡೆದು ನೋಡಿದ ಮೇಲೆ. ಸುಮಾರು ಒಂದು ಗಂಟೆಯ ವಿಹಾರ ಸಾಕು. ಗಾಜಿನ ಮುಚ್ಚಿಗೆಯ ದೊಡ್ಡ ದೋಣಿ ಅಗ್ಗ, ಮಳೆಯ ದಿನ ಅನುಕೂಲ. ತೆರೆದ ಚಿಕ್ಕ ದೋಣಿಯಲ್ಲಿ ನೀರಿನ ಮಟ್ಟಕ್ಕೆ ಹತ್ತಿರ ಕೂರುವುದರಿಂದ ಸೇತುವೆಯ ಕಲ್ಲುಗಳು ತಲೆಗೆ ತಾಗುವಷ್ಟು ಸಮೀಪ ಹಾದುಹೋಗುತ್ತವೆ. ಬಿಸಿಲಿದ್ದರೆ ಎರಡನೆಯದಕ್ಕೇ ಹೋಗಿ. ರೆಗುಲಿಯರ್ಸ್‌ಗ್ರಾಖ್ಟ್ ಮತ್ತು ಹೇರೆನ್‌ಗ್ರಾಖ್ಟ್ ಸೇರುವಲ್ಲಿ ಒಂದರ ಹಿಂದೆ ಒಂದರಂತೆ ಏಳು ಸೇತುವೆಗಳ ಕಮಾನು ಕಾಣುವ ನೋಟ ದೋಣಿಯಿಂದಲೇ ಚೆನ್ನ. ಆಮ್‌ಸ್ಟೆಲ್ ನದಿಯ ಮೇಲಿನ ಮಾಗೆರೆ ಬ್ರುಗ್ ಎಂಬ ಬಿಳಿಯ ಮರದ ಸೇತುವೆಗೆ ಮಾತ್ರ ದೀಪ ಹೊತ್ತಿದ ಮೇಲೆ ನಡೆದೇ ಹೋಗಬೇಕು.

ಆನ್ ಫ್ರಾಂಕ್ ಮನೆಗೆ ಹೋಗುವ ಸಂಜೆ ಬೇರೇನನ್ನೂ ಇಟ್ಟುಕೊಳ್ಳಬೇಡಿ. 1942ರ ಜುಲೈ ತಿಂಗಳಿಂದ 1944ರ ಆಗಸ್ಟ್ 4ರಂದು ಬಂಧಿತರಾಗುವವರೆಗೆ ಎಂಟು ಜನ ಅಡಗಿದ್ದ ಹಿಂಬದಿಯ ಕೋಣೆಗಳಿಗೆ ಪುಸ್ತಕದ ಕಪಾಟಿನ ಹಿಂದಿನ ಬಾಗಿಲಿನಿಂದಲೇ ಇಂದಿಗೂ ಒಳಹೋಗಬೇಕು. ಆನ್‌ಳ ತಂದೆಯ ಇಚ್ಛೆಯಂತೆ ಕೋಣೆಗಳನ್ನು ಖಾಲಿಯಾಗಿಯೇ ಉಳಿಸಿದ್ದಾರೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಹೊರಗೆ ಬಂದ ಮೇಲೆ ಮಾತು ಬೇಡವೆನಿಸುವುದು ಸಹಜ. ಪಕ್ಕದ ಯೋರ್ದಾನ್ ಬಡಾವಣೆಯ ಸಣ್ಣ ಬೀದಿಗಳಲ್ಲಿ ಸ್ವಲ್ಪ ಹೊತ್ತು ನಡೆದು ಮರಳಿ.

ಮತ್ತೊಂದು ಸಂಜೆಗೆ ಸೆಂಟ್ರಾಲ್ ನಿಲ್ದಾಣದ ಹಿಂಬದಿಯಿಂದ ಐ ಜಲಮಾರ್ಗವನ್ನು ದಾಟಿಸುವ ಫೆರಿ ಇದೆ. ನಡೆದು ಬಂದವರಿಗೂ ಸೈಕಲ್ ತಂದವರಿಗೂ ಅದು ಉಚಿತ. ಕೆಲವೇ ನಿಮಿಷಗಳಲ್ಲಿ ಆಚೆ ದಡ, ಅಲ್ಲಿ 2012ರಲ್ಲಿ ತೆರೆದ ಬಿಳಿಯ ಐ ಚಲನಚಿತ್ರ ಸಂಗ್ರಹಾಲಯದ ಕಟ್ಟೆಯಿಂದ ಇಡೀ ಹಳೆಯ ಊರಿನ ಗೋಪುರಗಳು ಕಾಣುತ್ತವೆ. ಮಳೆ ಬಂದರೆ ನಿಲ್ದಾಣದ ಪೂರ್ವಕ್ಕಿರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಬಹುದು. ವಾರದ ದಿನಗಳಲ್ಲಿ ರಾತ್ರಿಯವರೆಗೆ ತೆರೆದಿರುವ ಈ ಕಟ್ಟಡದ ಏಳನೆಯ ಮಹಡಿಯ ಮೇಲಿನಿಂದಲೂ ಊರು ಕಾಣುತ್ತದೆ. ಮೆಟ್ರೋದಲ್ಲಿ ಓಡಾಡುವವರು ರೋಕಿನ್ ನಿಲ್ದಾಣದಲ್ಲಿ ಒಮ್ಮೆ ಇಳಿಯಲೇಬೇಕು: ಸುರಂಗ ತೋಡುವಾಗ ಆಮ್‌ಸ್ಟೆಲ್ ನದಿಯ ಹಳೆಯ ಪಾತ್ರದಲ್ಲಿ ಸಿಕ್ಕಿದ ಬೀಗ, ಚಮಚ, ನಾಣ್ಯ, ಹೊಗೆಕೊಳವೆ, ಮಡಕೆಚೂರುಗಳನ್ನು ಎಸ್ಕಲೇಟರ್‌ಗಳ ನಡುವಿನ ಗಾಜಿನಡಿ ಸಾವಿರಾರು ಸಂಖ್ಯೆಯಲ್ಲಿ ಜೋಡಿಸಿದ್ದಾರೆ.

ಅಂಗಡಿಗಳು ಸಾಮಾನ್ಯವಾಗಿ ಆರು ಏಳರ ಹೊತ್ತಿಗೆ ಮುಚ್ಚುತ್ತವೆ, ಗುರುವಾರ ಮಾತ್ರ ಒಂಬತ್ತರವರೆಗೆ. ಮನೆಗೆ ಏನಾದರೂ ಕೊಳ್ಳುವುದಿದ್ದರೆ ಆ ಸಂಜೆ ಬಿಟ್ಟುಕೊಳ್ಳಿ.

ಬಿಡುವಿನ ಹಗಲು

ಶನಿವಾರ ಸಿಕ್ಕರೆ ಬೆಳಿಗ್ಗೆ ಒಂಬತ್ತಕ್ಕೆ, ಬಾಗಿಲು ತೆರೆಯುವ ಹೊತ್ತಿಗೇ ರೈಕ್ಸ್‌ಮ್ಯೂಸಿಯಂ ಮುಂದಿರಬೇಕು. ಸೆಂಟ್ರಾಲ್ ಕಡೆಯಿಂದ 2ನೆಯ, ಜೌಡ್ ಕಡೆಯಿಂದ 5ನೆಯ ಸಂಖ್ಯೆಯ ಟ್ರಾಮ್ ಅಲ್ಲಿಗೆ ಹೋಗುತ್ತದೆ. ಒಳಗೆ ಹೋದವರು ಕೆಳಗಿನಿಂದ ಕ್ರಮವಾಗಿ ನೋಡುತ್ತಾ ಹೋಗುವ ಬದಲು ನೇರವಾಗಿ ಎರಡನೆಯ ಮಹಡಿಯ ಗೌರವ ಸಭಾಂಗಣಕ್ಕೆ ಹೋಗಿ. ಹತ್ತೂವರೆಯ ನಂತರ ಅಲ್ಲಿ ಜನಜಂಗುಳಿ. ಫರ್ಮೀರ್ ಚಿತ್ರಿಸಿದ ಹಾಲು ಸುರಿಯುವ ಹೆಂಗಸನ್ನು ನೋಡಿ ಕೊನೆಗೆ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಮುಂದೆ ನಿಲ್ಲಿ. ಆ ಚಿತ್ರದ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸವನ್ನು 2019ರಿಂದ ಗಾಜಿನ ಕೋಣೆ ಕಟ್ಟಿ ನೋಡುಗರ ಕಣ್ಣೆದುರಿಗೇ ನಡೆಸುತ್ತಿದ್ದಾರೆ.

ಆಮೇಲೆ, ಹೆಚ್ಚಿನವರು ಬಿಟ್ಟುಹೋಗುವ ಏಷ್ಯಾ ಮಂಟಪಕ್ಕೆ ಬನ್ನಿ. ಸುತ್ತ ನೀರಿರುವ ಆ ಪುಟ್ಟ ಕಟ್ಟಡದಲ್ಲಿ ಚೋಳರ ಕಾಲದ ಕಂಚಿನ ದೊಡ್ಡ ನಟರಾಜನಿದ್ದಾನೆ. ಈ ಊರಿನ ಸಂಪತ್ತಿಗೂ ನಮ್ಮ ಕಡಲತೀರಕ್ಕೂ ಇರುವ ನಂಟನ್ನು ನೆನೆಯಲು ಇದು ತಕ್ಕ ಜಾಗ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಮಲಬಾರಿನ ಕಾಳುಮೆಣಸಿಗಾಗಿ ಪೋರ್ಚುಗೀಸರೊಂದಿಗೆ ಸೆಣಸಿತು. ಕೆಳದಿ ಅರಸರ ಕಾಲದ ಬಸ್ರೂರಿನಲ್ಲೂ ಅದರ ವ್ಯಾಪಾರ ಕೋಠಿಯಿತ್ತು. ಕಾಲುವೆ ದಂಡೆಯ ಅಟ್ಟಗಳಿಗೆ ಕೊಕ್ಕೆಯಲ್ಲಿ ಏರಿದ ಸರಕಿನಲ್ಲಿ ಸಾಂಬಾರ ಪದಾರ್ಥಗಳೂ ಇದ್ದವು, ಅವುಗಳ ಹಿಂದೆ ಏಷ್ಯಾದ ಎಷ್ಟೋ ಊರುಗಳ ಮೇಲಿನ ದಬ್ಬಾಳಿಕೆಯೂ ಇತ್ತು ಎಂಬುದನ್ನು ಮರೆಯದೆ ಈ ಚೆಲುವನ್ನು ನೋಡಬೇಕೆಂದು ನಾನು ಭಾವಿಸುತ್ತೇನೆ.

ಮಧ್ಯಾಹ್ನಕ್ಕೆ ಡ ಪೈಪ್‌ನ ಆಲ್ಬರ್ಟ್ ಕಾಯ್ಪ್ ಸಂತೆ ಹತ್ತಿರದಲ್ಲೇ ಇದೆ, ಭಾನುವಾರ ಮಾತ್ರ ಇರುವುದಿಲ್ಲ. ಅಲ್ಲಿ ಕಣ್ಣೆದುರೇ ಒತ್ತಿ ಕೊಡುವ ಬಿಸಿ ಸ್ಟ್ರೋಪ್‌ವಾಫೆಲ್‌ಗೂ (ನಡುವೆ ಸಿಹಿಪಾಕ ಸವರಿದ ತೆಳು ಬಿಲ್ಲೆ) ಪೊಟ್ಟಣದ್ದಕ್ಕೂ ಹೋಲಿಕೆಯಿಲ್ಲ. ಎರಡನೆಯ ದಿನವೂ ಸಿಕ್ಕರೆ ಊರ ಹೊರಗೆ ಹೋಗಿ. ಗಾಳಿಗಿರಣಿಗಳಿರುವ ಜಾನ್ಸೆ ಸ್ಖಾನ್ಸ್ ಜನಪ್ರಿಯವಾದರೂ ನನ್ನ ಆಯ್ಕೆ ಹಾರ್ಲೆಮ್: ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪುವ, ಅದೇ ಬಗೆಯ ಕಾಲುವೆಗಳಿದ್ದು ಜನಸಂದಣಿಯಿಲ್ಲದ ಊರು. ಅಲ್ಲಿನ ದೊಡ್ಡ ಚರ್ಚಿನ ಆರ್ಗನ್ ವಾದ್ಯವನ್ನು ಮೊಟ್ಸಾರ್ಟ್ ಹತ್ತು ವರ್ಷದ ಬಾಲಕನಾಗಿದ್ದಾಗ ನುಡಿಸಿದ್ದ.

ಊಟದ ವಿಚಾರ

ಕಚೇರಿಯ ಮಧ್ಯಾಹ್ನದ ಊಟವೆಂದರೆ ಬಹುಪಾಲು ಬ್ರೆಡ್ಡು, ಚೀಸ್, ಸೂಪು. ರಾತ್ರಿಯೂಟ ಆರೂವರೆಗೇ ಆರಂಭವಾಗಿ, ಅನೇಕ ಕಡೆ ಒಂಬತ್ತೂವರೆಗೆ ಅಡುಗೆಮನೆ ಮುಚ್ಚುತ್ತದೆ. ಆದ್ದರಿಂದ ಮೊದಲು ಊಟ, ಆಮೇಲೆ ನಡಿಗೆ ಎಂಬ ಕ್ರಮ ಒಳ್ಳೆಯದು. ಸಸ್ಯಾಹಾರಿಗಳು ಸುರಿನಾಮಿ ಹೋಟೆಲ್‌ಗಳನ್ನು ಹುಡುಕಿಕೊಳ್ಳಿ. 1873ರಿಂದ ಬಿಹಾರ, ಉತ್ತರ ಪ್ರದೇಶದ ಕಡೆಯ ಕೂಲಿಕಾರರನ್ನು ಡಚ್ಚರು ದಕ್ಷಿಣ ಅಮೆರಿಕದಲ್ಲಿ ತಮ್ಮ ವಸಾಹತಾಗಿದ್ದ ಸುರಿನಾಮ್‌ಗೆ ಸಾಗಿಸಿದ್ದರು. ಅವರ ವಂಶದವರಲ್ಲಿ ಅನೇಕರು 1975ರಲ್ಲಿ ಆ ದೇಶ ಸ್ವತಂತ್ರವಾಗುವ ಆಸುಪಾಸಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಅವರ ರೋಟಿಯ ಜೊತೆ ಬರುವ ಆಲೂಗಡ್ಡೆ ಮತ್ತು ಉದ್ದನೆಯ ಅಲಸಂಡೆಯ ಪಲ್ಯ ನಮ್ಮ ನಾಲಗೆಗೆ ಒಗ್ಗುತ್ತದೆ. ಸಸ್ಯಾಹಾರಿ ರೋಟಿ ಎಂದರೂ ಮೊಟ್ಟೆ ಇಡುವ ರೂಢಿಯಿದೆ, ಬೇಡವಾದರೆ ಮೊದಲೇ ಹೇಳಿ. ಸಾಂಪ್ರದಾಯಿಕ ಚೀಸ್ ತಯಾರಿಕೆಯಲ್ಲಿ ಕರುವಿನ ಜಠರದ ಕಿಣ್ವ ಬಳಸುತ್ತಾರೆ. ಕಟ್ಟುನಿಟ್ಟಿನವರು ಅದನ್ನೂ ವಿಚಾರಿಸಬೇಕು. ನಲ್ಲಿ ನೀರು ಕುಡಿಯಲು ಯೋಗ್ಯ.

ಬೀದಿಯಲ್ಲಿ ಗಮನಿಸಬೇಕಾದದ್ದು

ಇಟ್ಟಿಗೆಗೆಂಪು ಬಣ್ಣದ ಪಟ್ಟಿ ಸೈಕಲ್‌ಗಳದು. ಫೋಟೋಗಾಗಿ ಅದರ ಮೇಲೆ ಹಿಂದಕ್ಕೆ ಹೆಜ್ಜೆ ಇಡುವುದೇ ಹೊಸಬರಿಗೆ ಆಗುವ ಅಪಘಾತಕ್ಕೆ ಕಾರಣ. ರಸ್ತೆ ದಾಟುವಾಗ ಸೈಕಲ್ ಪಟ್ಟಿ, ಟ್ರಾಮ್ ಹಳಿ, ಮತ್ತೊಂದು ಸೈಕಲ್ ಪಟ್ಟಿ ಎಂದು ಮೂರು ಬಾರಿ ಎರಡೂ ಕಡೆ ನೋಡಿ. ವಾಹನಗಳು ಬಲಗಡೆ ಚಲಿಸುವುದರಿಂದ ನಮ್ಮ ಕಣ್ಣು ಮೊದಲು ತಪ್ಪು ದಿಕ್ಕಿಗೇ ಹೋಗುತ್ತದೆ. ಹೊಸದಾಗಿ ಬಂದವರು ಕಚೇರಿ ಸಮಯದಲ್ಲಿ ಬಾಡಿಗೆ ಸೈಕಲ್ ಹತ್ತದಿರುವುದೇ ಕ್ಷೇಮ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ತಲೆಮುಚ್ಚಿಗೆಯಿರುವ ಮಳೆಕೋಟು ತನ್ನಿ. ಮುಂದಿನ ಎರಡು ಗಂಟೆಯ ಮಳೆಯನ್ನು ನಕ್ಷೆಯಲ್ಲಿ ತೋರಿಸುವ ಬೌಯೆನ್‌ರಾಡಾರ್ ಆ್ಯಪನ್ನು ಸ್ಥಳೀಯರೆಲ್ಲ ನೋಡಿಯೇ ಹೊರಡುತ್ತಾರೆ. ಲೈಂಗಿಕ ವೃತ್ತಿ ನಡೆಯುವ ಡ ವಾಲೆನ್ ಪ್ರದೇಶದ ಕಿಟಕಿಗಳಲ್ಲಿ ನಿಂತ ಹೆಂಗಸರ ಫೋಟೋ ತೆಗೆಯಬೇಡಿ. ಕಾಫಿಶಾಪ್ ಎಂದು ಬರೆದ ಅಂಗಡಿಗಳು ಗಾಂಜಾ ಮಾರುವವು. ಅಲ್ಲಿಂದ ಏನನ್ನಾದರೂ ಭಾರತಕ್ಕೆ ತರುವುದು ಗಂಭೀರ ಅಪರಾಧ.

ಮರಳುವ ದಿನ

ವಿಮಾನ ಮಧ್ಯಾಹ್ನದ ನಂತರವಿದ್ದರೆ ಪೆಟ್ಟಿಗೆಯನ್ನು ಸೆಂಟ್ರಾಲ್ ನಿಲ್ದಾಣದ ಲಾಕರ್‌ನಲ್ಲಿಟ್ಟು ಕೊನೆಯ ಬಾರಿ ಬ್ರೌವರ್ಸ್‌ಗ್ರಾಖ್ಟ್ ವರೆಗೆ ಹೋಗಿಬರಲು ಸಮಯವಿರುತ್ತದೆ. ಸ್ಕಿಪೋಲ್‌ನಲ್ಲಿ ಮಾತ್ರ ಮೂರು ಗಂಟೆ ಮೊದಲೇ ಇರಿ. ಒಂದೇ ಅಂಗಡಿಯಲ್ಲಿ 50 ಯೂರೋಗಿಂತ ಹೆಚ್ಚಿನ ಖರೀದಿಗೆ ತೆರಿಗೆ ಮರಳಿ ಪಡೆಯುವ ಚೀಟಿ ಮಾಡಿಸಿದ್ದರೆ, ಸಾಮಾನನ್ನು ಪೆಟ್ಟಿಗೆಯೊಂದಿಗೆ ಒಪ್ಪಿಸುವ ಮೊದಲೇ ಕಸ್ಟಮ್ಸ್‌ಗೆ ತೋರಿಸಬೇಕು. ಟ್ಯೂಲಿಪ್ ಗಡ್ಡೆಗಳನ್ನು ಮಾತ್ರ ಆಸೆಪಟ್ಟು ಕೊಳ್ಳಬೇಡಿ: ಭಾರತದ ಒಳಗೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಆಮದು ಪರವಾನಗಿ ಬೇಕಾಗುತ್ತದೆ. ಗಾಳಿಯಾಡದಂತೆ ಕಟ್ಟಿಸಿದ ಹಳೆಯ ಗೌಡಾ ಚೀಸ್ ಕೊಂಡಿದ್ದರೆ ಅದನ್ನು ಕೈಚೀಲದ ಬದಲು ಪೆಟ್ಟಿಗೆಯಲ್ಲೇ ಇಟ್ಟುಬಿಡಿ.